ಮೈತೂಕದಷ್ಟೇ ಲೀಟರ್ ಸಾಲದು: ವಿಂಡ್‌ಸರ್ಫಿಂಗ್ ಬೋರ್ಡ್ ಬಗ್ಗೆ ಸ್ಪಷ್ಟನೆ

‘95 ಕೆ.ಜಿ. ಇದ್ದವರಿಗೆ 95 ಲೀಟರ್ ಬೋರ್ಡ್ ಸಾಕು’ ಎಂಬ ಮಾತು ಮೈಸೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇಲ್ಲಿ ಲೀಟರ್ ಎಂದರೆ ಬೋರ್ಡಿನ ಒಟ್ಟು ಗಾತ್ರ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವುದನ್ನು ಕಲಿಯುವವರಿಗೆ ಇದು ಶುದ್ಧ ತಪ್ಪು.

ಈ ಲೆಕ್ಕದಲ್ಲಿ ಸಾಮಾನಿನ ತೂಕವೇ ಇಲ್ಲ. ಬೋರ್ಡ್ ಸುಮಾರು 12 ಕೆ.ಜಿ., ಹಾಯಿ, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಸೇರಿ 9, ಒದ್ದೆ ಬಟ್ಟೆ, ಹಾರ್ನೆಸ್ (ಹಾಯಿಯ ಎಳೆತವನ್ನು ಮೈಗೆ ಹಂಚುವ ಪಟ್ಟಿ) 3. ಸವಾರನೂ ಸೇರಿದರೆ 119. ಸಿಹಿನೀರಲ್ಲಿ 1 ಲೀಟರ್ ಗಾತ್ರ ಹೊರುವುದು 1 ಕೆ.ಜಿ. ಮಾತ್ರ. ಅಂದರೆ 119 ಲೀಟರ್ ಬೋರ್ಡ್ ಕೂಡ ನೀರಿನ ಮಟ್ಟಕ್ಕೇ ಇಳಿದು ನಿಲ್ಲುತ್ತದೆ. 95 ಲೀಟರಿನದು ಕಾಲಡಿಯಲ್ಲೇ ಮುಳುಗುತ್ತದೆ. ಸಮುದ್ರದ ನೀರು ಸುಮಾರು ಶೇ 2.5ರಷ್ಟು ಹೆಚ್ಚು ಹೊರುವುದರಿಂದ, ಮಂಗಳೂರಲ್ಲಿ ಹೇಗೋ ತೇಲಿದ ಬೋರ್ಡ್ ಕೆಆರ್‌ಎಸ್ ಹಿನ್ನೀರಲ್ಲಿ ಕೈಕೊಡಬಹುದು.

ಕಲಿಯುವಾಗ ಮೈತೂಕಕ್ಕೆ 80ರಿಂದ 100 ಸೇರಿಸಿ: 175–195 ಲೀಟರ್. ಅಗಲ 80 ಸೆಂ.ಮೀ.ಗೆ ಕಡಿಮೆ ಬೇಡ, ನಡುವೆ ಡ್ಯಾಗರ್‌ಬೋರ್ಡ್ (ಪಕ್ಕಕ್ಕೆ ಜಾರದಂತೆ ನೀರೊಳಗೆ ಇಳಿಬಿಡುವ ಹಲಗೆ) ಇರಲಿ. ನೀರಿಗೆ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಎತ್ತುವಾಗ ಅದರ ಮೇಲೆ ನಿಂತ ನೀರೂ ಎಳೆಯುತ್ತದೆ. ಕಿರಿದಾದ ಬೋರ್ಡ್ ಆಗಲೇ ಮಗುಚುವುದು. ತಿರುವು, ಹಾರ್ನೆಸ್ ಎರಡೂ ಒಗ್ಗಿದ ಮೇಲೆ 140–150ಕ್ಕೆ ಇಳಿಯಬಹುದು. 95 ಲೀಟರ್ ಏನಿದ್ದರೂ ವಾಟರ್‌ಸ್ಟಾರ್ಟ್ (ನೀರಲ್ಲಿದ್ದುಕೊಂಡೇ ಹಾಯಿಯ ಎಳೆತದಿಂದ ಬೋರ್ಡ್ ಏರುವುದು) ಬಲ್ಲವರಿಗೆ, ಅದೂ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟಿದ ಗಾಳಿಗೆ.

ಹಳೆಯ ಬೋರ್ಡ್ ಕೊಳ್ಳುವುದಾದರೆ ತೂಗಿ ನೋಡಿ. ಬಿರುಕಿನಿಂದ ಒಳಗೆ ನೀರು ಸೇರಿದ್ದರೆ ಮೇಲೆ ಅಚ್ಚಾದ ಲೀಟರ್ ಲೆಕ್ಕ ಕೆಲಸಕ್ಕೆ ಬಾರದು.