ಕ್ಯಾಮೆರಾಕ್ಕೊಂದು ಚರ್ಮದ ಚಡ್ಡಿ

ಕ್ಯಾಮೆರಾ ಕೊಂಡ ಮೇಲೆ ಅದರಿಂದ ಚಿತ್ರ ತೆಗೆಯುವುದಕ್ಕೆ ಮೊದಲು ಅದಕ್ಕೆ ಉಡುಪು ತೊಡಿಸಬೇಕೆಂಬ ನಿಯಮವೊಂದು ಮೈಸೂರಿನಲ್ಲಿ ಯಾವ ಸರ್ಕಾರಿ ಆದೇಶದ ಹಂಗೂ ಇಲ್ಲದೆ ಜಾರಿಗೆ ಬಂದುಬಿಟ್ಟಿದೆ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲೋ ಹಿಂಡು ಕಟ್ಟಿಕೊಂಡು ನಡೆಯುವ ಛಾಯಾಗ್ರಹಣಪ್ರಿಯರ ಕೊರಳನ್ನು ಗಮನಿಸಿ. ಅಲ್ಲಿ ತೂಗಾಡುವ ಕ್ಯಾಮೆರಾಗಳಲ್ಲಿ ಅನೇಕಕ್ಕೆ ಸೊಂಟದಿಂದ ಕೆಳಗೆ ಜೇನುಬಣ್ಣದ ಚರ್ಮದ ಹೊದಿಕೆಯಿರುತ್ತದೆ. ಸೊಂಟದಿಂದ ಮೇಲೆ ಏನೂ ಇರುವುದಿಲ್ಲ. ಬಲ್ಲವರು ಇದನ್ನು ಲೆದರ್ ಹಾಫ್ ಕೇಸ್ ಎನ್ನುತ್ತಾರೆ. ರಾತ್ರಿಯ ಆರತಕ್ಷತೆಯಿಂದ ಮರುದಿನದ ಧಾರೆಯವರೆಗೆ ಎರಡೆರಡು ಕ್ಯಾಮೆರಾ ಹೊತ್ತು ದುಡಿಯುವ ಮಂಡ್ಯದ ಮದುವೆ ಛಾಯಾಗ್ರಾಹಕರೊಬ್ಬರು ಇದನ್ನು ಮೊದಲ ಸಲ ಕಂಡಾಗ, ‘ಏನ್ ಸಾ, ಕ್ಯಾಮ್ರಾಕ್ಕೆ ಚಡ್ಡಿ ಹಾಕ್ಸಿದ್ದೀರ, ಮ್ಯಾಲಕ್ಕೊಂದು ಬನೀನು ಬ್ಯಾಡ್ವಾ?’ ಎಂದು ಕೇಳಿದರು. ಈ ಪ್ರಶ್ನೆಗೆ ಹಾಫ್ ಕೇಸ್ ಪಂಥದವರಿಂದ ಇದುವರೆಗೆ ಸಮರ್ಪಕವಾದ ಉತ್ತರ ಬಂದಿಲ್ಲ.

ರಕ್ಷಣೆಗಾಗಿ ಎಂಬುದು ಪಂಥದ ಮೊದಲನೆಯ ವಾದ. ಕ್ಯಾಮೆರಾಕ್ಕೆ ಪೆಟ್ಟು ಬೀಳುವ ಜಾಗಗಳೆಂದರೆ ಮುಂದಕ್ಕೆ ಚಾಚಿಕೊಂಡಿರುವ ಲೆನ್ಸು, ನೆತ್ತಿಯ ಮೇಲಿನ ಡಯಲ್‌ಗಳು, ಹಿಂಬದಿಯ ಪರದೆ, ನಾಲ್ಕು ಮೂಲೆಗಳು. ಹಾಫ್ ಕೇಸ್ ಇವುಗಳಲ್ಲಿ ಕೆಳಗಿನ ಎರಡು ಮೂಲೆಗಳನ್ನು ಕಾಯುತ್ತದೆ. ಉಳಿದದ್ದೆಲ್ಲವನ್ನೂ ತಾಯಿ ಚಾಮುಂಡೇಶ್ವರಿಗೆ ಒಪ್ಪಿಸುತ್ತದೆ. ಅದು ಶ್ರದ್ಧೆಯಿಂದ ಕಾಪಾಡುವ ಭಾಗ ಕ್ಯಾಮೆರಾದ ತಳ. ಆ ತಳಕ್ಕಿರುವ ಏಕೈಕ ಶತ್ರು ಹೋಟೆಲಿನ ಮೇಜು. ಕಾಫಿ ಬರುವವರೆಗೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಾಗ ಸಂಭವಿಸಬಹುದಾದ ಗೀರುಗಳಿಂದ ಅದನ್ನು ಪಾರುಮಾಡುವುದಕ್ಕೆ ಸಾವಿರಾರು ರೂಪಾಯಿ ವೆಚ್ಚ ಮಾಡುವ ಬದಲು ಮೊಣಕಾಲ ಮೇಲೆ ಇಟ್ಟುಕೊಳ್ಳಬಹುದಲ್ಲವೇ ಎಂದು ಕೇಳಿದವರನ್ನು ಮುಂದಿನ ಭಾನುವಾರದ ನಡಿಗೆಗೆ ಕರೆಯುವುದಿಲ್ಲ. ಇದಲ್ಲದೆ ಕಾವೇರಿ ದಂಡೆಯ ಮರಳಿನ ನಾಲ್ಕು ಕಣಗಳು ಚರ್ಮಕ್ಕೂ ಲೋಹಕ್ಕೂ ನಡುವೆ ಸೇರಿಕೊಂಡರೆ, ಕ್ಯಾಮೆರಾವನ್ನು ಹಿಡಿದಾಗಲೆಲ್ಲ ಅವು ಒಳಗೊಳಗೇ ಉಜ್ಜುತ್ತ, ಮೇಜು ಹತ್ತು ವರ್ಷದಲ್ಲಿ ಮಾಡಲಾರದ ಕೆಲಸವನ್ನು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸುತ್ತವೆ. ಕೇಸ್ ಬಿಚ್ಚಿದ ದಿನವೇ ಅದು ತಿಳಿಯುವುದು.

ಇದಕ್ಕೊಂದು ವಂಶಾವಳಿಯಿದೆ. ಫಿಲ್ಮ್ ಕಾಲದ ಅನೇಕ ಕ್ಯಾಮೆರಾಗಳು ಪೂರ್ತಿ ಮೈಮುಚ್ಚುವ ಚರ್ಮದ ಕೇಸಿನೊಳಗೆ ಬರುತ್ತಿದ್ದವು. ಎಷ್ಟೋ ಮಾದರಿಗಳಲ್ಲಿ ಪಟ್ಟಿ ಕಟ್ಟಲು ಕ್ಯಾಮೆರಾದ ಮೈಮೇಲೆ ಕೊಂಡಿಯೇ ಇರದಿದ್ದುದರಿಂದ, ಪಟ್ಟಿ ಕೇಸಿಗೇ ಹೊಲಿದಿರುತ್ತಿತ್ತು. ಕೇಸಿಲ್ಲದೆ ಕೊರಳಿಗೆ ಹಾಕಿಕೊಳ್ಳುವ ದಾರಿಯಿರಲಿಲ್ಲ. ‘ಸದಾ ಸಿದ್ಧ’ ಎಂದು ಮಾರುತ್ತಿದ್ದ ಆ ಕೇಸನ್ನು ತೆರೆಯುವಷ್ಟರಲ್ಲಿ ಚಿತ್ರ ಕೈತಪ್ಪುತ್ತಿದ್ದುದರಿಂದ ಛಾಯಾಗ್ರಾಹಕರು ಅದನ್ನು ‘ಎಂದೂ ಸಿದ್ಧವಲ್ಲ’ ಎಂದು ಹಾಸ್ಯ ಮಾಡುತ್ತಿದ್ದರಂತೆ. ಆದರೂ ಅದರಲ್ಲೊಂದು ನ್ಯಾಯವಿತ್ತು. ನಮ್ಮ ತಂದೆಯವರ ಕಾಲದ ಆಗ್ಫಾ ಕ್ಲಿಕ್ 3ರಲ್ಲಿ 120 ಅಳತೆಯ ಒಂದು ಸುರುಳಿಗೆ 12 ಚಿತ್ರ. ಆ ಹನ್ನೆರಡು ಮುಗಿಯುವುದಕ್ಕೆ ಒಂದು ಮದುವೆ, ಒಂದು ನಾಮಕರಣ ಮತ್ತು ಒಂದು ಧರ್ಮಸ್ಥಳ ಯಾತ್ರೆ ಬೇಕಾಗುತ್ತಿತ್ತಾದ್ದರಿಂದ, ಕೇಸ್ ಬಿಚ್ಚುವ ತೊಂದರೆ ವರ್ಷಕ್ಕೊಮ್ಮೆ ಬಂದರೂ ಯಾರೂ ದೂರುತ್ತಿರಲಿಲ್ಲ. ಆ ಕೇಸಿನ ಮೇಲ್ಭಾಗ ಕಾಲಕ್ರಮದಲ್ಲಿ ಉದುರಿಹೋಯಿತು. ಉಳಿದ ಕೆಳಭಾಗವನ್ನು ಈಗ ಮೊದಲಿನ ಪೂರ್ತಿ ಕೇಸಿಗಿಂತ ಹೆಚ್ಚಿನ ಬೆಲೆಗೆ ಮಾರಲಾಗುತ್ತಿದೆ.

ಇಂದಿನ ಅನೇಕ ಸಣ್ಣ ಕ್ಯಾಮೆರಾಗಳಲ್ಲಿ ಬ್ಯಾಟರಿ ಮತ್ತು ಮೆಮೊರಿ ಕಾರ್ಡಿನ ಬಾಗಿಲು ಇರುವುದೇ ತಳದಲ್ಲಿ. ಅಂದರೆ ದಿನಕ್ಕೆ ಹಲವು ಸಲ ತೆರೆಯಬೇಕಾದ ಬಾಗಿಲಿಗೆ ಚರ್ಮದ ಗೋಡೆ ಕಟ್ಟಿ, ಎಂದೂ ಮುಚ್ಚಬೇಕಾಗಿರದ ಜಾಗವನ್ನು ಮುಚ್ಚಿಟ್ಟಂತಾಯಿತು. ಕೆಲವು ಕೇಸುಗಳ ತಳದಲ್ಲಿ ಬ್ಯಾಟರಿಗಾಗಿ ಕಿಂಡಿಯಿರುತ್ತದೆ. ಕಿಂಡಿಯಿಲ್ಲದವು ನೋಡಲು ಹೆಚ್ಚು ಸೊಗಸಾಗಿರುವುದರಿಂದ ಪಂಥದ ಹಿರಿಯರು ಅವನ್ನೇ ಬಯಸುತ್ತಾರೆ. ಸರಸ್ವತಿಪುರಂನ ನನ್ನ ಹಿರಿಯ ಮಿತ್ರರೊಬ್ಬರದು ಇಂಥ ಕಿಂಡಿರಹಿತ ಶುದ್ಧ ತಳಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಯಾಕೆ ಮಲ್ಲಿಗೆ ದಂಡೆಯನ್ನು ಮೊಳ ಹಾಕುತ್ತ, ಮೇಲಿನ ತಗಡಿನ ಸಂದಿಯಿಂದ ಇಳಿದ ಬಿಸಿಲಕೋಲು ಆಕೆಯ ಮೊಣಕೈ ಮೇಲೆ ಸರಿಯಾಗಿ ಬಿದ್ದ ಗಳಿಗೆಯಲ್ಲಿ ಅವರ ಬ್ಯಾಟರಿ ತೀರಿತು. ಕೇಸನ್ನು ಕ್ಯಾಮೆರಾಕ್ಕೆ ಬಿಗಿದಿರುವ ತಿರುಪನ್ನು ಸಡಿಲಿಸಲು ನಾಣ್ಯ ಬೇಕು. ಕಾಫಿಯಿಂದ ಹಿಡಿದು ಬಾಳೆಹಣ್ಣಿನವರೆಗೆ ಎಲ್ಲಕ್ಕೂ ಮೊಬೈಲ್ ತೋರಿಸಿ ಹಣ ಕೊಡುವ ನಮ್ಮ ಮಿತ್ರರ ಜೇಬಿನಲ್ಲಿ ನಾಣ್ಯವೆಲ್ಲಿಂದ ಬರಬೇಕು? ಕೊನೆಗೆ ಆ ಹೆಂಗಸೇ ಗಲ್ಲಾ ಡಬ್ಬಿಯಿಂದ ಒಂದು ರೂಪಾಯಿ ತೆಗೆದುಕೊಟ್ಟರು. ಅದು ತಿರುಪಿನ ಸೀಳಿಗೆ ದಪ್ಪವಾಯಿತು. ಇನ್ನೊಂದನ್ನು ಹುಡುಕಿ ಕೊಟ್ಟು, ‘ಅಣ್ಣ, ಬೋಣಿ ಹೊತ್ತಲ್ಲಿ ಕೈಯಿಂದ ಕಾಸು ಕೊಡ್ತಿದ್ದೀನಿ, ಎರಡು ಮೊಳ ಆದ್ರೂ ತಗೊಂಡೋಗಿ’ ಎಂದರು. ಬಿಸಿಲಕೋಲು ಅಷ್ಟರಲ್ಲಿ ಪಕ್ಕದ ಸೇವಂತಿಗೆ ಬುಟ್ಟಿಗೆ ವರ್ಗವಾಗಿತ್ತು. ಮಿತ್ರರು ಎರಡು ಮೊಳ ಮಲ್ಲಿಗೆಯೊಡನೆ ಮನೆಗೆ ಬಂದುದರಿಂದ ಕೇಸ್ ಸಂಸಾರಕ್ಕೆ ಒಳ್ಳೆಯದೆಂಬ ಹೊಸ ವಾದವೂ ಹುಟ್ಟಿಕೊಂಡಿತು.

ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಸಿಕ್ಕಿಸುವ ಕಾಲಂಗುಲದ ತೂತನ್ನು ಈ ಕೇಸಿನ ತಿರುಪು ಆಗಲೇ ಆಕ್ರಮಿಸಿಕೊಂಡಿರುತ್ತದೆ. ಚಾಮುಂಡಿ ಬೆಟ್ಟದ ದಾರಿಯಲ್ಲಿ ನಿಂತು, ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತುವುದನ್ನು ನಿಧಾನ ಶಟರ್‌ನಲ್ಲಿ, ಅಂದರೆ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟು, ಹಿಡಿಯಬೇಕೆಂದರೆ ಮತ್ತೆ ನಾಣ್ಯಾನ್ವೇಷಣೆ. ತಿರುಪಿನೊಳಗೇ ಇನ್ನೊಂದು ತೂತು ಕೊರೆದಿರುವ ಕೇಸುಗಳೂ ಇವೆ, ನಿಜ. ಆದರೆ ಚರ್ಮವು ಮೆತ್ತಗಿನ ವಸ್ತುವಾದ್ದರಿಂದ ಬಿಗಿದಷ್ಟೂ ಅದುಮಿಕೊಳ್ಳುತ್ತದೆ. ಅದರ ಮೇಲೆ ಕೂತ ಕ್ಯಾಮೆರಾ ಗಾಳಿ ಬೀಸಿದಾಗ ತಲೆಯಾಡಿಸುತ್ತದೆ. ಅರಮನೆ ಎರಡೆರಡಾಗಿ ಮೂಡುತ್ತದೆ. ಮೇಲೆ ಕೆಳಗೆ ಬಾಗುವ ಪರದೆಯ ಕೆಳ ಅಂಚು ಕೇಸಿನ ತುಟಿಗೆ ಸಿಕ್ಕಿಕೊಳ್ಳುವುದು, 4ಕೆ ವಿಡಿಯೊ ತೆಗೆಯುವಾಗ ಲೋಹದ ಮೈಯಿಂದ ಹೊರಹೋಗಬೇಕಾದ ಕಾವನ್ನು ಚರ್ಮ ತಡೆಹಿಡಿಯುವುದು ಇವೆಲ್ಲ ಸಣ್ಣ ಪುಟ್ಟ ವಿಚಾರಗಳು. ರಂಗನತಿಟ್ಟಿನ ದೋಣಿಯಲ್ಲಿ ಕೊಕ್ಕರೆಗಳಿಗಾಗಿ ಉದ್ದನೆಯ ಲೆನ್ಸು ಹೊತ್ತು ಕೂರುವವರ ಪೈಕಿ ಹಾಫ್ ಕೇಸ್ ತೊಡಿಸಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಅವರಿಗೆ ಹಕ್ಕಿಯ ಚಿಂತೆ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಮುಂಭಾಗದಲ್ಲಿ ಬೆರಳೂರಲು ಉಬ್ಬೇ ಇಲ್ಲದ, ಸೋಪಿನಂತೆ ಜಾರುವ ಚಪ್ಪಟೆ ಕ್ಯಾಮೆರಾಗಳಿಗೆ ಒಳ್ಳೆಯ ಹಾಫ್ ಕೇಸ್ ಹಿಡಿತ ಕೊಡುತ್ತದೆ. ಕೈ ದೊಡ್ಡದಾಗಿರುವವರಿಗೆ, ಕೈ ಬೆವರುವವರಿಗೆ ಅದು ಉಪಯುಕ್ತವೇ. ಕೇಸಿಗೆ ಬ್ಯಾಟರಿಯ ಕಿಂಡಿ ಇದ್ದು, ಮುಂಭಾಗದಲ್ಲಿ ಉಬ್ಬು ಇದ್ದರೆ ಕೊಳ್ಳುವವರನ್ನು ತಡೆಯಲು ನನ್ನಲ್ಲಿ ವಾದವಿಲ್ಲ. ಅದೇ ಹಿಡಿತವನ್ನು ಕೊಡುವ, ತಳದಲ್ಲಿ ಕಿಂಡಿಯಿರುವ, ಟ್ರೈಪಾಡಿಗೆ ನೇರವಾಗಿ ಕೂರುವ ಅಲ್ಯುಮಿನಿಯಂ ಪಟ್ಟಿಗಳೂ ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ ಎಂಬುದನ್ನು ಮಾತ್ರ ಪಂಥದವರ ಎದುರು ಆಡಬಾರದು. ಅಲ್ಯುಮಿನಿಯಮ್ಮಿಗೆ ವಾಸನೆಯಿಲ್ಲ, ಮೂಗಿನ ಬಳಿ ಒಯ್ದು ಕಣ್ಣು ಮುಚ್ಚಿ ‘ಆಹಾ’ ಎನ್ನಲು ಬರುವುದಿಲ್ಲ.

ಪಂಥದ ತತ್ತ್ವಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗೀರಿನ ಸಿದ್ಧಾಂತ. ಕ್ಯಾಮೆರಾದ ಮೇಲೆ ಬಿದ್ದ ಗೀರು ದುರಂತ. ಅದನ್ನು ತಪ್ಪಿಸಲೆಂದೇ ಚರ್ಮ. ಅದೇ ಗೀರು ಚರ್ಮದ ಮೇಲೆ ಬಿದ್ದರೆ ಸೌಂದರ್ಯ! ಕೇಸ್ ಹಳತಾದಷ್ಟೂ, ಅಂಗೈ ಬೆವರು ಕುಡಿದು ಕಪ್ಪಾದಷ್ಟೂ, ಮೂಲೆ ಸವೆದಷ್ಟೂ ಅದಕ್ಕೆ ‘ಮಾಗಿದ ಮೆರುಗು’ ಬಂದಿತೆಂದು ಸಂಭ್ರಮಪಡುತ್ತಾರೆ. ಹತ್ತು ವರ್ಷ ದುಡಿದಂತೆ ಕಾಣುವ ಕೇಸಿನೊಳಗೆ ನಿನ್ನೆ ಡಬ್ಬಿಯಿಂದ ತೆಗೆದಂತಿರುವ ಕ್ಯಾಮೆರಾ ಇರುವುದು ಅವರ ಪರಮಪದ. ಈ ಹಂಬಲದ ಇನ್ನೊಂದು ತುದಿಯನ್ನು ಲೈಕಾ ಸಂಸ್ಥೆ 2015ರಲ್ಲಿಯೇ ಮುಟ್ಟಿತು: ಸಂಗೀತಗಾರ ಲೆನ್ನಿ ಕ್ರಾವಿಟ್ಜ್ ವಿನ್ಯಾಸದಲ್ಲಿ, ಕಪ್ಪು ಬಣ್ಣವನ್ನು ಕಾರ್ಖಾನೆಯಲ್ಲೇ ಕೈಯಿಂದ ಉಜ್ಜಿ ಕೆಳಗಿನ ಹಿತ್ತಾಳೆ ಕಾಣುವಂತೆ ಸವೆಸಿದ ಕ್ಯಾಮೆರಾಗಳ 125 ಸೆಟ್ಟುಗಳನ್ನು ವಿಶೇಷ ಆವೃತ್ತಿಯಾಗಿ ಮಾರುಕಟ್ಟೆಗೆ ಬಿಟ್ಟಿತು. ಯುದ್ಧಭೂಮಿಗೆ ಹೋಗಿ ಬಂದ ವರದಿಗಾರನ ಕ್ಯಾಮೆರಾದಂತೆ ಕಾಣುವ ಆ ಕ್ಯಾಮೆರಾ ಯುದ್ಧಭೂಮಿಯನ್ನೂ ಕಂಡಿರಲಿಲ್ಲ, ವರದಿಗಾರನನ್ನೂ ಕಂಡಿರಲಿಲ್ಲ. ಸವೆತ ಬಾರದಂತೆ ತಡೆಯಲು ಒಬ್ಬರಿಗೆ ಹಣ, ಸವೆಸಿಕೊಡಲು ಇನ್ನೊಬ್ಬರಿಗೆ ಹಣ. ನಡುವೆ, ಮೇಲೆ ಹೇಳಿದ ಮಂಡ್ಯದ ಛಾಯಾಗ್ರಾಹಕರ ಕ್ಯಾಮೆರಾ ಮಾತ್ರ ಬಿಟ್ಟಿಯಾಗಿ ಸವೆದು, ಮೂಲೆಯಲ್ಲಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿಸಿಕೊಂಡು, ನಾಳೆಯ ಧಾರೆಗೆ ಸಿದ್ಧವಾಗಿ ಕೂತಿದೆ.

ಚರ್ಮ ಎಲ್ಲಿಯದೆಂಬುದೂ ಮುಖ್ಯ. ರಾಜ್ಯದಲ್ಲಿ ಚರ್ಮೋದ್ಯಮಕ್ಕೆಂದೇ ಲಿಡ್ಕರ್ ಎಂಬ ನಿಗಮವಿದೆ, ಚೀಲ ಪಾದರಕ್ಷೆಗಳನ್ನು ಮಾರುತ್ತದೆ. ಪಂಥದವರಿಗೆ ಇಟಲಿಯ ಹಸುವೇ ಬೇಕು, ಅದೂ ಗಿಡಮರಗಳ ತೊಗಟೆಯ ರಸದಲ್ಲಿ ಹದ ಮಾಡಿದ್ದಾಗಿರಬೇಕು. ಭಾನುವಾರದ ನಡಿಗೆ ಮುಗಿದ ಮೇಲೆ ದೋಸೆಯ ಮುಂದೆ ನಡೆಯುವ ಚರ್ಚೆಯಲ್ಲಿ, ಇದೇ ಊರಿನವರಾದ ಟಿ.ಎಸ್. ಸತ್ಯನ್ ಅವರ ಛಾಯಾಚಿತ್ರಗಳ ವಿಷಯಕ್ಕೆ ಮೊದಲ ತಟ್ಟೆ ಬರುವವರೆಗಿನ ಸಮಯ ಸಿಗುತ್ತದೆ. ಚಟ್ನಿ ಬಂದಾಗ ಆರಂಭವಾದ ಕಂದು ಮತ್ತು ಕಡುಕಂದುಗಳ ತಾರತಮ್ಯವು ಎರಡನೆಯ ಕಾಫಿಯವರೆಗೂ ಮುಗಿಯುವುದಿಲ್ಲ. ನಮ್ಮ ಸರಸ್ವತಿಪುರಂ ಮಿತ್ರರ ಇಟಲಿ ಕೇಸಿನ ಹೊಲಿಗೆ ಒಮ್ಮೆ ಬಿಚ್ಚಿತು. ಬೇರೆ ದಾರಿ ಕಾಣದೆ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವ ವೃದ್ಧರ ಬಳಿ ಕೊಟ್ಟರು. ಅವರು ಅದನ್ನು ಅಂಗೈಯಲ್ಲಿ ತಿರುಗಿಸಿ, ತೂತಿನೊಳಗೆ ಬೆರಳು ತೂರಿಸಿ, ಒಳಮೈಯ ಮೆತ್ತನೆ ಬಟ್ಟೆಯನ್ನು ಸವರಿ, ಬಹಳ ಗಂಭೀರವಾಗಿ ‘ಸ್ವಾಮಿ, ಇದು ಯಾವ ಕಾಲಿಂದು?’ ಎಂದು ವಿಚಾರಿಸಿದರು. ಮಿತ್ರರು ವಿವರಿಸಿದ್ದನ್ನು ಕೊನೆಯವರೆಗೂ ಕೇಳಿ, ಇಪ್ಪತ್ತು ರೂಪಾಯಿ ತೆಗೆದುಕೊಂಡು, ಇಟಲಿಯವರಿಗಿಂತ ಬಿಗಿಯಾದ ಹೊಲಿಗೆ ಹಾಕಿಕೊಟ್ಟರು.

ಆಷಾಢದಲ್ಲಿ ಈ ಕವಚದ ನಿಜವಾದ ಪ್ರತಿಭೆ ಬೆಳಕಿಗೆ ಬರುತ್ತದೆ. ಚರ್ಮವು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣದ ಬೀರುವಿನಲ್ಲಿ ಕ್ಯಾಮೆರಾಸಮೇತ ಮುಚ್ಚಿಟ್ಟರೆ ಹೊಲಿಗೆಯ ಅಂಚಿನಲ್ಲಿ ಮೊದಲು ಬಿಳಿಯ ಬೂಷ್ಟು ಕಾಣಿಸಿಕೊಂಡು, ನಂತರ ಲೆನ್ಸಿನೊಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಕವಲೊಡೆಯುತ್ತದೆ. ಹಳೆಯ ಚರ್ಮದ ಕೇಸುಗಳಲ್ಲಿ ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಕಿಲುಬು ಕಟ್ಟುವುದಕ್ಕೆ ಚರ್ಮದ ಹದಕ್ಕೆ ಸೇರಿಸಿದ ಎಣ್ಣೆ ಕೊಬ್ಬುಗಳಲ್ಲಿನ ಆಮ್ಲವು ತಾಮ್ರದೊಡನೆ ಸೇರುವುದೇ ಕಾರಣ. ಆದ್ದರಿಂದಲೇ ಹಳೆಯ ಕ್ಯಾಮೆರಾ ಸಂಗ್ರಹಿಸುವವರು ಕ್ಯಾಮೆರಾವನ್ನು ಒಂದು ಕಡೆ, ಚರ್ಮದ ಕೇಸನ್ನು ಇನ್ನೊಂದು ಕಡೆ ಇಡುತ್ತಾರೆ. ರಕ್ಷಕನಿಂದ ರಕ್ಷಿಸುವ ವ್ಯವಸ್ಥೆಯಿದು.

ಇಂಥ ಕೇಸಿನೊಡನೆ ಸಾಮಾನ್ಯವಾಗಿ ಒಂದು ಹತ್ತಿಬಟ್ಟೆಯ ಚೀಲ ಮತ್ತು ಒಂದು ಸೂಚನಾಪತ್ರ ಬರುತ್ತದೆ. ಮಳೆಯಲ್ಲಿ ನೆನೆಸಬಾರದು, ಬಿಸಿಲಿನಲ್ಲಿ ಬಿಡಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು ಎಂಬುದು ಅದರ ಸಾರ. ಕ್ಯಾಮೆರಾವನ್ನು ಹೊರಗಿನ ಪ್ರಪಂಚದಿಂದ ಕಾಯಬೇಕಾದವನಿಗೆ ಹೊರಗಿನ ಪ್ರಪಂಚ ಆಗಿಬರುವುದಿಲ್ಲ. ಈಗ ಎಲ್ಲರ ಬಾಯಲ್ಲಿರುವ ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯ 2024ರ ಮಾದರಿ, ಲೆನ್ಸಿನ ಮುಂದೆ ಅಡಾಪ್ಟರ್ ರಿಂಗ್ ಮತ್ತು ರಕ್ಷಣಾ ಫಿಲ್ಟರ್ ಹಾಕಿದರೆ ಮಾತ್ರ ತುಂತುರನ್ನು ತಡೆಯುತ್ತದೆ. ಆ ಎರಡು ಸಣ್ಣ ವಸ್ತುಗಳಿಗೆ ವ್ಯಯಿಸಬೇಕಾದ ಹಣ ಎಲ್ಲಿಗೆ ಹೋಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮಿತ್ರರ ಹಣವೂ ಅಲ್ಲಿಗೇ ಹೋಗಿತ್ತು. ಜಂಬೂಸವಾರಿಯ ದಿನ ಸಯ್ಯಾಜಿ ರಾವ್ ರಸ್ತೆಯ ಅಂಚಿನಲ್ಲಿ ಒಳ್ಳೆಯ ಜಾಗ ಹಿಡಿದು, ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದು, 750 ಕಿಲೊ ತೂಕದ ಚಿನ್ನದ ಅಂಬಾರಿ ದೂರದಲ್ಲಿ ಕಾಣಿಸಿಕೊಂಡ ಹೊತ್ತಿಗೆ ಹನಿ ಉದುರತೊಡಗಿತು. ಅವರು ವಿಚಲಿತರಾಗಲಿಲ್ಲ. ಮಾರುಕಟ್ಟೆಯ ಪ್ರಸಂಗದ ನಂತರ ಅಂಗಿಯ ಜೇಬಿನಲ್ಲಿ ತೆಳ್ಳನೆಯ ನಾಣ್ಯವೊಂದನ್ನು ಸದಾ ಇಟ್ಟುಕೊಳ್ಳುತ್ತಿದ್ದರಾದ್ದರಿಂದ ಥಟ್ಟನೆ ಅದನ್ನು ತೆಗೆದು ತಿರುಪು ಬಿಚ್ಚಿ, ಕೇಸನ್ನು ಕರವಸ್ತ್ರದಲ್ಲಿ ಒರೆಸಿ, ಹತ್ತಿಚೀಲದೊಳಗಿಟ್ಟು, ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬನೀನಿನೊಳಗೆ ಎದೆಗೊತ್ತಿಕೊಂಡರು. ಕ್ಯಾಮೆರಾ ಅಷ್ಟು ಹೊತ್ತೂ ಕೊರಳಲ್ಲಿ ನೆನೆಯುತ್ತಿತ್ತು. ಅವರು ತಲೆಯೆತ್ತುವಾಗ ಅಂಬಾರಿ ಮುಂದೆ ಸಾಗಿ, ಆನೆಯ ಹಿಂಭಾಗ ಮತ್ತು ಪೊಲೀಸರ ಛತ್ರಿಗಳು ಕಾಣುತ್ತಿದ್ದವು. ‘ಕೇಸಿಗೆ ಒಂದೇ ಒಂದು ಹನಿ ಬಿದ್ದಿಲ್ಲ, ನೋಡಿ’ ಎಂದು ಎದೆ ತಟ್ಟಿ ತೋರಿಸಿದರು. ಅಂಬಾರಿಯ ಚಿತ್ರವನ್ನು, ಪಕ್ಕದಲ್ಲಿ ಅಪ್ಪನ ಹೆಗಲೇರಿ ಕೂತಿದ್ದ ಹುಡುಗ ನೂರು ರೂಪಾಯಿಯ ರಬ್ಬರ್ ಕವರ್ ತೊಡಿಸಿದ್ದ ಮೊಬೈಲಿನಲ್ಲಿ ತೆಗೆದಿದ್ದ. ಅಪ್ಪನೇ ನಂಬರ್ ಕೇಳಿಕೊಂಡು ಅವರಿಗೆ ಅದನ್ನು ವಾಟ್ಸ್ಆ್ಯಪ್ ಮಾಡಿದರು.