ಫ್ಯೂಮ್ ಹುಡ್ ಅಂದ್ರ ಅಲ್ಮಾರಿ ಅಲ್ರಿ

ಕಲಬುರಗಿಯ ಕಾಲೇಜೊಂದರ ‘ಲ್ಯಾಬ್ ಸುರಕ್ಷತಾ ದಿನ’ದ ಫೋಟೊ ಈಗಷ್ಟೇ ನೋಡಿದೆ. ರಿಬ್ಬನ್, ಶಾಲು, ಹಾರ, ಮಡಿಕೆ ಬಿಚ್ಚದ ಬಿಳಿ ಕೋಟು. ಸಾಲಾಗಿ ನಿಂತವರ ಹಿಂದೆ ಫ್ಯೂಮ್ ಹುಡ್, ಅಂದ್ರೆ ಕೆಟ್ಟ ಆವಿಯನ್ನ ಫ್ಯಾನಿನಿಂದ ಹೊರಗೆ ಎಳೆಯೋ ಬಾಗಿಲಿನ ಗೂಡು, ಪ್ರಯೋಗ ಮಾಡೋ ಜಾಗ. ಅದರ ತುಂಬಾ ಬಾಟಲಿ! ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್ ಆಸಿಡ್ ಪಕ್ಕಕ್ಕೇ ಲಿಕರ್ ಅಮೋನಿಯ (ನೀರಲ್ಲಿ ಕರಗಿಸಿದ ಗಾಢ ಅಮೋನಿಯ). ಬಾಟಲಿಗಳ ಮೈಮೇಲೆ ಕೂತಿರೋ ಬಿಳಿ ಪುಡಿ ಧೂಳಲ್ಲ ಸರ, ಎರಡರ ಆವಿ ಸೇರಿ ಆದ ಅಮೋನಿಯಂ ಕ್ಲೋರೈಡ್.

ಬ್ಯಾನರಿನಲ್ಲಿ ನಮ್ಮ ಬಿಸಿಲಿನ ಸುದ್ದಿಯೇ ಇಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಲ್ಯಾಬಿನಲ್ಲಿ ಬಳಸೋ, ಥಟ್ಟನೆ ಹೊತ್ತಿಕೊಳ್ಳೋ ದ್ರಾವಕ ಡೈಈಥೈಲ್ ಈಥರ್ ಕುದಿಯೋದು 34.6ಕ್ಕೆ. ಅದರ ಆವಿ ಗಾಳಿಗಿಂತ ಭಾರ, ಟೇಬಲ್ ಮೇಲೆ ಹರಿದು ದೂರದ ಬರ್ನರ್ ಮುಟ್ಟುತ್ತೆ. ಮನೆ ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಕೇಡು, ಥರ್ಮೋಸ್ಟಾಟಿನ ಒಂದು ಕಿಡಿ ಸಾಕು. ಪ್ರಾಕ್ಟಿಕಲ್‌ಗೆ ಬೇಕಾದಷ್ಟೇ ಸಣ್ಣ ಬಾಟಲಿ ತರಿಸಿ, ತೆರೆದ ತಾರೀಖು ಬರೆಯಿರಿ. ಹಳೇ ಈಥರಿನಲ್ಲಿ ಸ್ಫೋಟಕ ಪೆರಾಕ್ಸೈಡ್ ಕಟ್ಟುತ್ತೆ.

ಬಿಸಿಲಿಗೆ ಅಮೋನಿಯ ಬಾಟಲಿಯೊಳಗೂ ಒತ್ತಡ ಏರಿರುತ್ತೆ, ಮುಚ್ಚಳ ತಿರುವಿದ್ದೇ ತಡ ಮುಖಕ್ಕೆ ಚಿಮ್ಮುತ್ತೆ. ಮೊದಲು ಐಸ್ ನೀರಲ್ಲಿ ಚೆನ್ನಾಗಿ ತಣಿಸಿ, ಗಾಗಲ್ಸ್, ಗ್ಲೌಸ್ ಹಾಕಿ, ಬಾಯಿ ಆಚೆಗೆ ತಿರುಗಿಸಿ, ಹುಡ್ ಒಳಗೆ ನಿಧಾನ ತೆರೀಬೇಕು. ಹುಡ್ ಒಳಗೆ ಎಲ್ಲಿ? ಅಲ್ಲಿ ಬಾಟಲಿಗಳ ಸಂಸಾರ.

ಕಣ್ಣಿಗೆ ಬಿದ್ದರೆ 15 ನಿಮಿಷ ನೀರಲ್ಲಿ ತೊಳಿಯಿರಿ ಅಂತ ಪೋಸ್ಟರ್ ಬೇರೆ. ಮಟಮಟ ಮಧ್ಯಾಹ್ನ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರಲ್ಲಿ 15 ಸೆಕೆಂಡು ಕಣ್ಣು ತೆರೆದಿರಲಿ ನೋಡೋಣ, ಆ ಶಾಲು ಹೊದ್ದವರು.

‘ಗ್ರ್ಯಾಂಟ್ ಇಲ್ರಿ, ಅಟೆಂಡರ್ ಪೋಸ್ಟೂ ಖಾಲಿ ಅದ’ ಅಂತೀರಿ. ಒಪ್ಪಿದೆ. ಆದರೆ 2008ರ ಡಿಸೆಂಬರ್‌ನಲ್ಲಿ ಲ್ಯಾಬಿನ ಸಂಶೋಧನಾ ಸಹಾಯಕಿ ಶೆರಿ ಸಾಂಗ್ಜಿ ಸುಟ್ಟುಕೊಂಡದ್ದು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ. ಟರ್ಶರಿ ಬ್ಯೂಟೈಲ್ ಲಿಥಿಯಂ ಅನ್ನೋ ರಾಸಾಯನಿಕ ಎಳೆಯುವಾಗ ಸಿರಿಂಜಿನ ಪ್ಲಂಜರ್ ಕಿತ್ತು ಬಂತು, ಗಾಳಿ ತಾಕಿದ್ದೇ ಬೆಂಕಿ. ಮೈಮೇಲೆ ಲ್ಯಾಬ್ ಕೋಟಿರಲಿಲ್ಲ, ಸಿಂಥೆಟಿಕ್ ಸ್ವೆಟರ್ ಹೊತ್ತಿಕೊಂಡಿತು. 18 ದಿನಕ್ಕೆ ತೀರಿಕೊಂಡಳು, ವಯಸ್ಸು 23. ಅಲ್ಲಿ ಯಾವ ಗ್ರ್ಯಾಂಟ್ ಕಮ್ಮಿ ಇತ್ತು?

ಹುಡ್ ಖಾಲಿ ಮಾಡೋಕೆ ಟೆಂಡರ್ ಬೇಕಾ? ಆಸಿಡ್ ಬಾಟಲಿಗಳನ್ನ ಎದೆಮಟ್ಟಕ್ಕಿಂತ ಕೆಳಗೆ ಪ್ಲಾಸ್ಟಿಕ್ ಟ್ರೇಯಲ್ಲಿಡಿ, ಅಮೋನಿಯ ಬೇರೆ ಕಪಾಟಿಗೆ. ಎರಡೂವರೆ ಲೀಟರ್ ಸಲ್ಫ್ಯೂರಿಕ್ ಆಸಿಡ್ಡೇ 4.6 ಕೆಜಿ ತೂಗುತ್ತೆ, ಕತ್ತು ಹಿಡಿದು ಎತ್ತಬೇಡಿ, ತಳಕ್ಕೆ ಕೈ ಕೊಡಿ. ಆಮೇಲೆ ಹುಡ್ ಫ್ಯಾನ್ ಹಾಕಿ, ಹುಡ್ ಬಾಗಿಲಿನ ಕೆಳತುದಿಗೆ ಟಿಶ್ಯೂ ಪೇಪರಿನ ಪಟ್ಟಿ ಅಂಟಿಸಿ. ಒಳಕ್ಕೆ ಹಾರದೆ ಜೋತುಬಿದ್ದರೆ ಮೋಟಾರಿನ ಬೆಲ್ಟ್ ನೋಡಿ. ಬೆಲ್ಟ್ ಸರಿ ಇದ್ದರೆ ಮಾಳಿಗೆ ಹತ್ತಿ ಆವಿ ಹೊರಬೀಳೋ ಕೊಳವೆಯ, ಡಕ್ಟಿನ, ಬಾಯಿ ನೋಡಿ, ಪಾರಿವಾಳ ಗೂಡು ಕಟ್ಟಿರುತ್ತೆ.