ಸುಣ್ಣ ಹುಡುಕಿದರೆ ಬೆಣ್ಣೆ

ಪುನರ್ವಸು ಮಳೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಹೊಳವಾಗಿ, ನಾವು ವಾರದಿಂದ ಕಾಯುತ್ತಿದ್ದ ಔಷಧಿ ಹೊಡೆಯುವವರು ಹೇಳದೆ ಕೇಳದೆ ಅಂಗಳಕ್ಕೆ ಬಂದಿಳಿದಾಗ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಹೊಣೆ ನನ್ನ ತಲೆಗೆ ಬಂತು. 100 ಲೀಟರ್ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಬೇಕು ಎಂಬಷ್ಟು ಗೊತ್ತಿತ್ತು. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ಬೆಳೆಗಾರರ ಮೊಬೈಲ್ ಗುಂಪಿನಲ್ಲಿ ಹಿರಿಯರೊಬ್ಬರು ಇದನ್ನು ವಿವರವಾಗಿ ಬರೆದದ್ದು ನೆನಪಿತ್ತು. ಆರು ವರ್ಷದ ಮಾತೆಲ್ಲ ಫೋನಿನಲ್ಲೇ ಇರುವಾಗ ಹುಡುಕಲು ಎಷ್ಟು ಹೊತ್ತು ಎಂದುಕೊಂಡು, ಬಂದವರಿಗೆ ಕಾಫಿ ಕೊಡಿಸಿ ಜಗಲಿಯಲ್ಲಿ ಕುಳಿತೆ.

ಫ್ರಾನ್ಸಿನ ಊರೊಂದರ ಹೆಸರು ಹೊತ್ತ ಈ ಔಷಧಿ ನಮ್ಮವರ ಬೆರಳಿಗೆ ಸಿಕ್ಕು ಬೋರ್ಡೊ, ಬೋಡೋ, ಬೋರ್ಡಾ ಎಂದೆಲ್ಲ ಆಗಿತ್ತು. ‘ಬೋರ್ಡ’ ಎಂದು ಮೊಟಕು ಮಾಡಿ ಹುಡುಕಿದರೆ ಬಸ್ಸಿನ ಬೋರ್ಡು, ಪರೀಕ್ಷಾ ಬೋರ್ಡು, ಯಾರೋ ಕದ್ದೊಯ್ದ ತೋಟದ ಬೋರ್ಡು ಸಾಲಾಗಿ ಬಂದವು. ಕೊಳೆರೋಗವನ್ನು ಕೆಲವರು ಕೂಡಿಸಿ, ಕೆಲವರು ಬಿಡಿಸಿ ಬರೆದಿದ್ದರೆ, ಘಟ್ಟದ ಕೆಳಗಿನ ನೆಂಟರು ಮಹಾಳಿ ಎಂದಿದ್ದರು. ‘ಸುಣ್ಣ’ ಎಂದು ಹುಡುಕಿದಾಗ ಸಿಕ್ಕಿದ್ದು, ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಹಿಡಿದು ಚುನಾವಣೆಯ ಕಾಲದಲ್ಲಿ ನಡೆದ ಮೂರು ದಿನದ ಜಗಳ. ಅದರಲ್ಲಿ ನನ್ನ ವಾದವೂ ಇದ್ದುದರಿಂದ ಓದುತ್ತ ಸ್ವಲ್ಪ ಹೊತ್ತು ಹೋಯಿತು. ‘ಮರ’ ಎಂದು ಕೊಟ್ಟರೆ ಮರಣ ವಾರ್ತೆಗಳು ತೆರೆದುಕೊಂಡವು.

ಈ ಹುಡುಕುವ ಯಂತ್ರಕ್ಕೆ ವಿಭಕ್ತಿ ಪ್ರತ್ಯಯ ತಿಳಿಯದು. ‘ನೀರು’ ಎಂದು ಕೇಳಿದರೆ, ಕೊನೆಯ ಕೊಂಬು ಕಳಚಿಹೋದ ‘ನೀರಿಗೆ’, ‘ನೀರಲ್ಲಿ’ ಎಂಬವು ಅದಕ್ಕೆ ಪರಕೀಯ. ಇವೆಲ್ಲ ಒಂದೇ ಮನೆಯ ಮಕ್ಕಳೆಂದು ಅದಕ್ಕೆ ಕಲಿಸಿ, ಮಹಾಳಿಗೂ ಕೊಳೆರೋಗಕ್ಕೂ ನೆಂಟಸ್ತಿಕೆ ಹೇಳಿಕೊಟ್ಟು, ಮಳೆಗಾಲದ ತಿಂಗಳುಗಳನ್ನಷ್ಟೇ ಜಾಲಿಸುವ ಅವಕಾಶವನ್ನೂ ಕೊಟ್ಟಿದ್ದರೆ ನನ್ನ ಕೆಲಸ ಒಂದು ಲೋಟ ಕಾಫಿಯೊಳಗೆ ಮುಗಿಯುತ್ತಿತ್ತು. ಅಂಗಳದವರಿಗೆ ಆಗಲೇ ಎರಡನೆಯ ಕಾಫಿ ಹೋಗಿತ್ತು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಹಲಸಿನ ಹಪ್ಪಳ. ಆ ಹಿರಿಯರು ಬರೆದದ್ದು ಹಪ್ಪಳದ ಚಿತ್ರ ಹಾಕಿ ಎಲ್ಲರೂ ಬಾಯಲ್ಲಿ ನೀರೂರಿಸಿಕೊಂಡ ದಿನವೇ ಎಂಬುದು ಹೊಳೆದು, ‘ಹಪ್ಪಳ’ ಎಂದು ಹುಡುಕಿ ಕೆಳಕ್ಕೆ ಜಾರಿದರೆ ಹಿರಿಯರ ಸಂದೇಶ ಎದುರಾಯಿತು. ಅದು ಬರಹವಲ್ಲ, ಕೈಬರಹದ ಹಾಳೆಯ ಚಿತ್ರ, ಅದೂ ತೆರೆಯಲಿಲ್ಲ. ಅದರಡಿ ಯಾರೋ ಹಾಕಿದ ಉತ್ತರವೊಂದು ಮಾತ್ರ ಉಳಿದಿತ್ತು: ‘ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಸುರಿದು ತಿರುಗಿಸಿ. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಾದರೆ ಇನ್ನಷ್ಟು ಸುಣ್ಣ.’

ಹಾಗೆಯೇ ಸುರಿದು, ಅಡುಗೆಮನೆಯಿಂದ ತಂದ ಚಾಕನ್ನು ಅದ್ದಿ ಒಂದು ನಿಮಿಷ ಹಿಡಿದೆ. ಅಲಗಿನ ಮೇಲೆ ತಾಮ್ರ ಕೂತು ಕೆಂಪಾಯಿತು. ಸುಣ್ಣದ ತಿಳಿ ಬೆರೆಸಿ, ಅಲಗನ್ನು ಉಜ್ಜಿ ಮತ್ತೆ ಅದ್ದಿದೆ. ಚಾಕು ಬೆಳ್ಳಗೆ ಹೊರಬಂದ ಹೊತ್ತಿಗೆ ಮೊದಲ ಹನಿ ಡ್ರಮ್ಮಿಗೆ ಬಿತ್ತು, ಔಷಧಿ ಹೊಡೆಯುವವರು ಪೈಪು ಸುತ್ತಿ ಮೂರನೆಯ ಕಾಫಿಗೆ ಜಗಲಿ ಹತ್ತಿದರು, ಒಳಗಿನಿಂದ ‘ನನ್ನ ತರಕಾರಿ ಚಾಕು ಎಲ್ಲಿ’ ಎಂಬ ಬೇರೊಂದು ಹುಡುಕಾಟ ಆರಂಭವಾಯಿತು.